ಕೊಡೆ ಅರಳುವ ಬಗೆ

ಒಂದೇ ಬಗೆಯ ವಸ್ತುಗಳು ಇದ್ದಕ್ಕಿದ್ದಂತೆ ಎಲ್ಲೆಡೆ ತಲೆಯೆತ್ತಿದರೆ, ಅವು ನಾಯಿಕೊಡೆಗಳಂತೆ ಹುಟ್ಟಿಕೊಂಡಿವೆ ಎಂದು ಹೇಳುವ ರೂಢಿ ಕನ್ನಡದಲ್ಲಿದೆ. ಸಂಜೆ ಬರಿದಾಗಿದ್ದ ನೆಲದಲ್ಲಿ ಬೆಳಗಾಗುವಷ್ಟರಲ್ಲಿ ಬಿಳಿಯ ಕೊಡೆಗಳು ಅರಳಿ ನಿಂತುದನ್ನು ಕಂಡವರಿಗೆ ಈ ಮಾತು ಸಹಜವೆನಿಸುತ್ತದೆ. ಆದರೆ ಒಂದು ರಾತ್ರಿಯಲ್ಲಿ ಮೂಡಿದಂತೆ ತೋರುವ ಅಣಬೆಯ ಹಿಂದೆ ದೀರ್ಘಕಾಲದ ಸಿದ್ಧತೆ ಅಡಗಿರುತ್ತದೆ. ಈ ಸಿದ್ಧತೆಯ ಮರ್ಮವನ್ನು ಅರಿತವನು ಅಣಬೆಯನ್ನು ಬೆಳೆದು ಫಲ ಕಾಣಬಲ್ಲನು. ಅರಿಯದವನ ಶ್ರಮವೂ ಬಂಡವಾಳವೂ ವ್ಯರ್ಥವಾಗುತ್ತವೆ.

ಅಣಬೆ ಶಿಲೀಂಧ್ರಗಳ ವರ್ಗಕ್ಕೆ ಸೇರಿದುದು. ಅದಕ್ಕೆ ಪತ್ರಹರಿತ್ತು ಇಲ್ಲವಾದುದರಿಂದ ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸಿಕೊಳ್ಳಲಾರದು. ಹುಲ್ಲು, ತರಗೆಲೆ, ಮರದ ತೊಗಟೆ, ಗೊಬ್ಬರ ಮುಂತಾದ ವಸ್ತುಗಳೊಳಗೆ ಅದರ ನವುರಾದ ಎಳೆಗಳು ಹರಡಿಕೊಂಡು, ರಸಗಳನ್ನು ಸ್ರವಿಸಿ, ಆ ವಸ್ತುಗಳನ್ನು ಕರಗಿಸಿ ಹೀರಿಕೊಳ್ಳುತ್ತವೆ. ಈ ಎಳೆಗಳ ಬಲೆಯೇ ಕವಕಜಾಲ. ಶಿಲೀಂಧ್ರದ ನಿಜವಾದ ಶರೀರ ಇದೇ. ನಾವು ಕಾಣುವ ಕೊಡೆಯು, ಮಾವಿನ ಮರಕ್ಕೆ ಹಣ್ಣು ಹೇಗೋ ಹಾಗೆ, ಕವಕಜಾಲದ ಫಲಕಾಯ ಮಾತ್ರ.

ಹಾಗಾದರೆ ಕವಕಜಾಲವು ಫಲಕಾಯವನ್ನು ಯಾವಾಗ ತಳೆಯುತ್ತದೆ? ಗುಂಡಿ ಅಣಬೆಯ ಬೇಸಾಯವು ಈ ಪ್ರಶ್ನೆಗೆ ಉತ್ತರವನ್ನು ಒದಗಿಸುತ್ತದೆ. ಫ್ರಾನ್ಸ್ ದೇಶದ ಪ್ಯಾರಿಸ್ ನಗರದ ಸುತ್ತಮುತ್ತ ೧೭ನೆಯ ಶತಮಾನದಲ್ಲಿಯೇ ಇದನ್ನು ಬೆಳೆಯುತ್ತಿದ್ದರು. ಮುಂದೆ ೧೯ನೆಯ ಶತಮಾನದಲ್ಲಿ ನೆಲದಡಿಯ ಕಲ್ಲುಗಣಿಗಳು ಅಣಬೆಯ ತೋಟಗಳಾದವು. ಅಲ್ಲಿನ ತಂಪೂ ತೇವವೂ ಈ ಬೆಳೆಗೆ ಹಿತವಾಗಿದ್ದವು. ಕತ್ತಲೆಯಿಂದ ಯಾವ ಬಾಧೆಯೂ ಆಗಲಿಲ್ಲ.

ಕಳಿತ ಹುಲ್ಲುಗೊಬ್ಬರಕ್ಕೆ ಬೆಳೆಗಾರನು ಅಣಬೆ ಬೀಜವನ್ನು ಬೆರೆಸುತ್ತಾನೆ. ಇದು ನಿಜವಾದ ಬೀಜವಲ್ಲ. ಬೇಯಿಸಿದ ಧಾನ್ಯದ ಮೇಲೆ ಬೆಳೆಸಿದ ಕವಕ. ಸುಮಾರು ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎರಡು ಮೂರು ವಾರಗಳೊಳಗೆ ಗೊಬ್ಬರವೆಲ್ಲ ಬಿಳಿಯ ಎಳೆಗಳಿಂದ ತುಂಬುತ್ತದೆ. ಆದರೂ ಒಂದು ಅಣಬೆಯೂ ಮೂಡುವುದಿಲ್ಲ. ಆಗ ಗೊಬ್ಬರದ ಮೇಲೆ ಮೂರು ನಾಲ್ಕು ಸೆಂಟಿಮೀಟರ್ ದಪ್ಪನಾಗಿ ಒದ್ದೆ ಮಣ್ಣನ್ನು ಹೊದಿಸಬೇಕು. ಹೆಚ್ಚಿನ ಆಹಾರಾಂಶವಿಲ್ಲದ ಈ ಮಣ್ಣಿನಲ್ಲಿಯೇ ಅಣಬೆಗಳು ಹುಟ್ಟುವುದು ಸೋಜಿಗದ ಸಂಗತಿ. ಕವಕವು ಹೊರಸೂಸುವ ಕೆಲವು ಆವಿರೂಪದ ವಸ್ತುಗಳು ಫಲಕಾಯದ ಹುಟ್ಟನ್ನು ತಡೆಯುತ್ತವೆ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಗಳು ಅವನ್ನು ತೊಡೆದುಹಾಕುತ್ತವೆ. ಜೀವಾಣುಗಳನ್ನೆಲ್ಲ ಕೊಂದ ಮಣ್ಣನ್ನು ಹೊದಿಸಿದರೆ ಸಾಮಾನ್ಯವಾಗಿ ಅಣಬೆ ಮೂಡುವುದಿಲ್ಲ. ಆ ಆವಿಗಳನ್ನು ಹೀರಬಲ್ಲ ಇದ್ದಿಲನ್ನು ಬಳಸಿದರೆ ಮೂಡುವುದುಂಟು.

ಕವಕವು ಮಣ್ಣಿನೊಳಗೆ ಏರಿಬಂದಾಗ ಬೆಳೆಗಾರನು ಕೋಣೆಯ ಉಷ್ಣತೆಯನ್ನು ೧೬ರಿಂದ ೧೮ ಡಿಗ್ರಿಗೆ ಇಳಿಸಿ, ತೇವವನ್ನು ಕಾಯ್ದುಕೊಂಡು, ಹೊಸ ಗಾಳಿಯನ್ನು ಆಡಿಸುತ್ತಾನೆ. ಇಂಗಾಲದ ಡೈಆಕ್ಸೈಡ್ ಪ್ರಮಾಣವು ಶೇಕಡ ೦.೧ರ ಆಸುಪಾಸಿಗೆ ಇಳಿಯಬೇಕು. ಆಗ ಚದುರಿದ್ದ ಎಳೆಗಳು ಅಲ್ಲಲ್ಲಿ ಒಂದಕ್ಕೊಂದು ಹೆಣೆದುಕೊಂಡು ಸಣ್ಣ ಗಂಟುಗಳಾಗುತ್ತವೆ. ಗುಂಡುಸೂಜಿಯ ತಲೆಯಂತಿರುವ ಈ ಮೊಗ್ಗುಗಳಲ್ಲಿ ಬಹುಪಾಲು ಬಾಡಿಹೋಗುತ್ತವೆ. ಕೆಲವು ಮಾತ್ರ ಬೆಳೆಯುತ್ತವೆ. ಬೆಳೆಯುವ ಮೊಗ್ಗಿನೊಳಗೆ ಟೋಪಿ, ಕಾಂಡ, ಕಿವಿರುಗಳು ಬಲು ಬೇಗನೆ ರೂಪುಗೊಳ್ಳುತ್ತವೆ. ಅನಂತರ ಅದರ ಕೋಶಗಳು ನೀರನ್ನು ಹೀರಿ ಉಬ್ಬಿ ನೀಳವಾಗುತ್ತವೆ. ಅಣಬೆಯ ತೂಕದಲ್ಲಿ ಶೇಕಡ ೯೦ರಷ್ಟು ನೀರೇ ಇರುತ್ತದೆ. ಒಂದೇ ರಾತ್ರಿಯಲ್ಲಿ ಕೊಡೆ ಏಳುವ ರಹಸ್ಯ ಇಷ್ಟೆ: ಕಟ್ಟಡವು ಮೊದಲೇ ಸಿದ್ಧವಾಗಿರುತ್ತದೆ, ನೀರು ಅದನ್ನು ಹಿಗ್ಗಿಸುತ್ತದೆ.

ಈ ಸಂಭ್ರಮವೆಲ್ಲ ಬೀಜಾಣುಗಳ ಪ್ರಸಾರಕ್ಕಾಗಿ. ಕಿವಿರುಗಳ ಮೇಲಿನ ಗದೆಯಾಕಾರದ ಕೋಶಗಳಲ್ಲಿ ಬೀಜಾಣುಗಳು ಹುಟ್ಟುತ್ತವೆ. ಹೆಚ್ಚಿನ ಅಣಬೆಗಳಲ್ಲಿ ಒಂದೊಂದು ಕೋಶದ ಮೇಲೆ ನಾಲ್ಕು ಬೀಜಾಣುಗಳಿದ್ದರೆ ಗುಂಡಿ ಅಣಬೆಯಲ್ಲಿ ಸಾಮಾನ್ಯವಾಗಿ ಎರಡಿರುತ್ತವೆ. ಟೋಪಿಯ ಅಂಚನ್ನು ಕಾಂಡಕ್ಕೆ ಬಿಗಿದಿರುವ ತೆಳುಪೊರೆಯು ಹರಿದಾಗ ಅವು ಗಾಳಿಗೆ ಬೀಳುತ್ತವೆ. ಪೊರೆ ಹರಿಯುವ ಮುನ್ನವೇ ಕೀಳದಿದ್ದರೆ ಗುಂಡಿ ಅಣಬೆಯ ಬೆಲೆ ತಗ್ಗುತ್ತದೆ.

ಕರ್ನಾಟಕದ ಹಲವೆಡೆ ಭತ್ತದ ಹುಲ್ಲಿನಲ್ಲಿ ಬೆಳೆಯುವ ಚಿಪ್ಪು ಅಣಬೆಯ ಸ್ವಭಾವ ಬೇರೆ. ಅದಕ್ಕೆ ಮಣ್ಣಿನ ಹೊದಿಕೆ ಬೇಡ. ೨೦ರಿಂದ ೩೦ ಡಿಗ್ರಿ ಉಷ್ಣತೆಯಲ್ಲಿ ಬೆಳೆಯುತ್ತದೆ. ಆದರೆ ಫಲಕಾಯವು ಸರಿಯಾಗಿ ರೂಪುಗೊಳ್ಳಲು ಮಂದವಾದ ಬೆಳಕು ಬೇಕು. ಕೋಣೆಯಲ್ಲಿ ಗಾಳಿಯಾಡದೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡರೆ ಕಾಂಡಗಳು ನೀಳವಾಗಿ, ಟೋಪಿಗಳು ಕಿರಿದಾಗಿ, ಮಾರಾಟಕ್ಕೆ ಬಾರದ ಬೆಳೆ ಬರುತ್ತದೆ. ಕೋಣೆಯ ಉಸಿರು ಕಟ್ಟಿರುವುದನ್ನು ಅಣಬೆಯ ಆಕಾರವೇ ಸಾರಿ ಹೇಳುತ್ತದೆ.

ಹೀಗೆ ಬೆಳೆಗಾರನು ಅಣಬೆಯನ್ನು ಬಲವಂತದಿಂದ ಮೂಡಿಸಲಾರನು. ಪ್ರಕೃತಿಯಲ್ಲಿ ತಂಪು, ತೇವ, ತೆರೆದ ಗಾಳಿಗಳು ಕವಕಕ್ಕೆ ಕೊಡುವ ಸೂಚನೆಗಳನ್ನು ಆತನು ತಕ್ಕ ಸಮಯದಲ್ಲಿ ಕೋಣೆಯೊಳಗೆ ಒದಗಿಸುತ್ತಾನೆ. ಜೀವಿಯ ಸ್ವಭಾವವನ್ನು ತಿಳಿದು ಅದಕ್ಕೆ ಹೊಂದಿಕೊಂಡು ನಡೆಯುವವನಿಗೆ, ಹೊಲದಲ್ಲಿ ಉಳಿದ ಹುಲ್ಲೂ ಪುಷ್ಟಿಕರವಾದ ಆಹಾರವನ್ನು ಕೊಡುತ್ತದೆ.