ಹಳ್ಳದ ದಂಡೆಯಲ್ಲಿ ಗ್ರಾಫೈಟ್

ರೋಹಿಣಿ ಮಳೆ, ಶರಾವತಿ ಕಣಿವೆ. ಗುಡುಗಷ್ಟೇ, ಹನಿ ಇನ್ನೂ ಬಿದ್ದಿಲ್ಲ. ಹಳ್ಳದ ಮೇಲುದಂಡೆಯಲ್ಲಿ ಮಳೆಮಾಪಕ ನಿಲ್ಲಿಸಿಯಾಗಿದೆ. ಅದರೊಳಗೆ ಜೋಡಿ ಬಟ್ಟಲು. 0.2 ಮಿಲಿಮೀಟರ್ ಮಳೆಯಷ್ಟು ನೀರು ಸೇರಿದೊಡನೆ ಒಂದು ಬಟ್ಟಲು ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೇಳುತ್ತದೆ. ವಾಲಿದ ಪ್ರತಿ ಸಲಕ್ಕೂ ಒಂದು ಎಣಿಕೆ. ಕೆಳಗೆ ಹಳ್ಳದ ಮಟ್ಟ ನೋಡುವ ಸೆನ್ಸರ್. ಎರಡೂ ನಿಮಿಷಕ್ಕೊಮ್ಮೆ ಮನೆಯ ಪುಟ್ಟ ಕಂಪ್ಯೂಟರಿಗೆ ಲೆಕ್ಕ ಒಪ್ಪಿಸುತ್ತವೆ. ಅದನ್ನು ಕಾಪಿಟ್ಟು ಬ್ರೌಸರಿನಲ್ಲಿ ಗೆರೆ ಎಳೆದು ತೋರಿಸುವ ಕೆಲಸ ಗ್ರಾಫೈಟ್ ಎಂಬ ತಂತ್ರಾಂಶದ್ದು.

ಕ್ರಿಸ್ ಡೇವಿಸ್ ಇದನ್ನು 2006ರಲ್ಲಿ ಬರೆದದ್ದು ಆರ್ಬಿಟ್ಜ್ ಎಂಬ ಅಮೆರಿಕದ ಪ್ರವಾಸ ಬುಕಿಂಗ್ ಕಂಪನಿಯ ಸರ್ವರುಗಳ ಮೇಲೆ ಕಣ್ಣಿಡಲು. 2008ರಲ್ಲಿ ಮುಕ್ತ ತಂತ್ರಾಂಶವಾಯಿತು. ಮೂರು ಭಾಗ: ಅಂಕಿ ಪಡೆಯುವ ಕಾರ್ಬನ್, ಡಿಸ್ಕಿನಲ್ಲಿ ಇಡುವ ವಿಸ್ಪರ್, ಚಿತ್ರ ಬಿಡಿಸುವ ಗ್ರಾಫೈಟ್-ವೆಬ್. ಮೂರರ ಮೂಲವನ್ನೂ ಗಿಟ್‌ನಿಂದ ಇಳಿಸಿ, ಪೈಥಾನಿನ ಪಿಪ್‌ನಲ್ಲಿ ಸ್ಥಾಪಿಸಿದೆ. ಚಿತ್ರಕ್ಕೆ ಬೇಕಾದ ಕೈರೋ ಲೈಬ್ರರಿ ಮೊದಲೇ ಇರಬೇಕು. ಸಂರಚನಾ ಕಡತಗಳು ಮಾದರಿಯಾಗಿ ಬರುತ್ತವೆ; ಪ್ರತಿ ಮಾಡಿ ಹೆಸರು ಬದಲಿಸಿ, ಜಾಂಗೋದ ಡೇಟಾಬೇಸ್ ಎಬ್ಬಿಸಿದರೆ ಪುಟ ತೆರೆಯುತ್ತದೆ. ಇಷ್ಟು ಒಂದು ಸಂಜೆಯ ಕೆಲಸ. ಕಾರ್ಬನ್ 2003ನೇ ಪೋರ್ಟಿನಲ್ಲಿ ಕಾಯುತ್ತದೆ. ಅದಕ್ಕೆ ಬೇಕಾದದ್ದು ಒಂದೇ ಸಾಲು: ಹೆಸರು, ಬೆಲೆ, ಹೊತ್ತು.

ಹೊತ್ತಿಟ್ಟು ಕೂತು ಯೋಚಿಸಬೇಕಾದದ್ದು ಅದರ ನಂತರ. ಯಾವ ಅಂಕಿ ಎಷ್ಟು ದಿನ, ಎಷ್ಟು ಸೂಕ್ಷ್ಮವಾಗಿ ಉಳಿಯಬೇಕು ಎಂಬುದನ್ನು ಮೊದಲ ಹನಿಗೆ ಮುಂಚೆಯೇ ತೀರ್ಮಾನಿಸಬೇಕು. ನಿಮಿಷಕ್ಕೊಂದರಂತೆ 30 ದಿನ, ಗಂಟೆಗೊಂದರಂತೆ 10 ವರ್ಷ ಎಂದು ಬರೆದೆ. ವಿಸ್ಪರ್ ಒಂದು ಅಂಕಿಗೆ 12 ಬೈಟ್ ಜಾಗ ಕೊಡುತ್ತದೆ. 43,200 ನಿಮಿಷ, 87,600 ಗಂಟೆ, ತಲೆಬರಹದ 40 ಬೈಟ್ ಸೇರಿ ಕಡತ 15,69,640 ಬೈಟ್. ಹುಟ್ಟಿದ ದಿನವೇ ಅಷ್ಟು, ಹತ್ತು ವರ್ಷ ಕಳೆದರೂ ಅಷ್ಟೇ. ಮೂವತ್ತು ದಿನ ದಾಟಿದ ನಿಮಿಷದ ಜಾಗದಲ್ಲಿ ಹೊಸ ನಿಮಿಷ ಬಂದು ಕೂರುತ್ತದೆ.

ನಿಮಿಷಗಳು ಗಂಟೆಯಾಗುವ ಬಗೆಯಲ್ಲಿ ಪ್ರಾಣವಿದೆ. ಏನೂ ಹೇಳದಿದ್ದರೆ ಗ್ರಾಫೈಟ್ ಸರಾಸರಿ ತೆಗೆಯುತ್ತದೆ. ಗಾಳಿಯ ಉಷ್ಣತೆಗೆ ಅದು ಸರಿ. ಆದರೆ ಒಂದು ಗಂಟೆಯಲ್ಲಿ 30 ಮಿಲಿಮೀಟರ್ ಸುರಿದ ಜಡಿಮಳೆ ಮುಂದಿನ ವರ್ಷದ ಗೆರೆಯಲ್ಲಿ 0.5 ಎಂದು ಕಂಡರೆ ಅದು ಮಳೆಯೇ ಅಲ್ಲ. ಮಳೆಗೆ ಮೊತ್ತ ಬೇಕು, ಹಳ್ಳದ ಮಟ್ಟಕ್ಕೆ ಗರಿಷ್ಠ ಬೇಕು. ಕಡತ ಹುಟ್ಟಿದ ಮೇಲೆ ಸಂರಚನೆ ತಿದ್ದಿದರೆ ಹಳೆಯ ಕಡತಕ್ಕೆ ಅದು ತಾಗುವುದಿಲ್ಲ. ಪ್ರತಿ ಕಡತವನ್ನೂ ಬೇರೆಯಾಗಿ ಪರಿವರ್ತಿಸಬೇಕಾಗುತ್ತದೆ.

ಇನ್ನೊಂದು: ಮಳೆ ಇಲ್ಲದ ನಿಮಿಷಕ್ಕೂ ಮಾಪಕ ಸೊನ್ನೆ ಕಳಿಸಬೇಕು. ಸೊನ್ನೆ ಎಂದರೆ ಹನಿ ಬೀಳಲಿಲ್ಲ. ಖಾಲಿ ಎಂದರೆ ಬ್ಯಾಟರಿ ಸೋತಿತೋ, ತಂತಿಯ ಮೇಲೆ ಕೊಂಬೆ ಬಿತ್ತೋ. ಗಂಟೆಯ ಅರ್ಧದಷ್ಟು ನಿಮಿಷ ಬಂದಿದ್ದರೂ ಸಾಕೆಂದು ವಿಸ್ಪರ್ ಸುಮ್ಮನೆ ಕೂಡಿಬಿಡುತ್ತದೆ, ಆಗ ಮಳೆ ಕಡಿಮೆ ಕಾಣುತ್ತದೆ. ಆ ಅರ್ಧವನ್ನು 0.9ಕ್ಕೆ ಏರಿಸಿದ್ದೇನೆ. ಗೊತ್ತಿಲ್ಲದ ಗಂಟೆ ಗೆರೆಯಲ್ಲಿ ಖಾಲಿಯಾಗಿಯೇ ಇರಲಿ. ಖಾಲಿಯನ್ನು ಸೊನ್ನೆಯಾಗಿ ತೋರಿಸುವ ಆಯ್ಕೆಯೂ ಇದೆ; ಹೊಲ, ಕಾಡು ನೋಡುವವರು ಅದನ್ನು ಮುಟ್ಟಬಾರದು.

ಮೃಗಶಿರ. ಗಾಳಿಯೊಡನೆ ಮಳೆ ಇಳಿಯಿತು. ಮೂಲದಲ್ಲಿ ಬಂದ ಕಾಲವಲಯ ಷಿಕಾಗೋದ್ದು; ಕೋಲ್ಕತಾ ಎಂದು ಬದಲಿಸಿದ್ದರಿಂದ ಸಂಜೆಯ ಮಳೆ ಸಂಜೆಗೇ ಬಿತ್ತು. ವಿಸ್ಪರ್ ಒಳಗೊಳಗೆ ಮಾತ್ರ ಗ್ರೀನಿಚ್ ಗಂಟೆಯನ್ನೇ ಹಿಡಿಯುತ್ತದೆ. ಹಾಗಾಗಿ ನಮ್ಮ ಗಡಿಯಾರದಲ್ಲಿ ಅದರ ಗಂಟೆ ಏಳೂವರೆಯಿಂದ ಎಂಟೂವರೆ. ಹವಾಮಾನ ಇಲಾಖೆ ದಿನದ ಮಳೆ ಅಳೆಯುವುದು ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ. ಇಪ್ಪತ್ನಾಲ್ಕು ಗಂಟೆ ಕೂಡಿದರೆ ಇಲಾಖೆಯ ದಿನ ಚೂರೂ ಜರುಗದೆ ಸಿಗುತ್ತದೆ. ಇದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ರಾತ್ರಿ ಹಳ್ಳದಲ್ಲಿ ಟಾಕ್-ಟಾಕ್ ಎಂಬ ಜೋಡಿ ಸದ್ದು. ಕುಂಬಾರ ಕಪ್ಪೆ, 2014ರಲ್ಲಿ ವಿಜ್ಞಾನ ಹೆಸರಿಟ್ಟು ಗುರುತಿಸಿದ ಜೀವ. ಕೆಂಪು ಬೆಳಕಿನಲ್ಲಿ ನೋಡುತ್ತ ಕೂತೆ. ನೀರಿನ ಮೇಲೆ ಬಾಗಿದ ಕಡ್ಡಿಯಲ್ಲಿ ಮೊಟ್ಟೆಗಳಿದ್ದವು. ಗಂಡು ಹಿಂಗಾಲ ಮೇಲೆ ಎದ್ದು ನಿಂತು, ಮುಂಗಾಲಲ್ಲಿ ಬಾಚಿದ ಕೆಸರನ್ನು ಮೊಟ್ಟೆಗಳ ಮೇಲೆ ಮೆತ್ತುತ್ತಿತ್ತು. ಇಳಿದು ಮತ್ತೆ ಬಾಚುವುದು, ಮತ್ತೆ ಏರಿ ಸವರುವುದು. ಆ ಕಡ್ಡಿಯಿಂದ ನೀರಿಗೆ ಒಂದು ಗೇಣೂ ಇರಲಿಲ್ಲ.

ಆರಿದ್ರಾ. ಮಧ್ಯಾಹ್ನ ಹಳ್ಳ ಕಾಲು ಗಂಟೆ ಉಕ್ಕಿ ಇಳಿಯಿತು. ನಿಮಿಷದ ಗೆರೆಯಲ್ಲಿ ಅದು ಚೂಪಾದ ಕೋಡು. ಸರಾಸರಿಯಾಗಿದ್ದರೆ ಆ ಗಂಟೆ ನೀರು ಕೊಂಚ ಹೆಚ್ಚಿತ್ತು ಎಂದಷ್ಟೇ ಉಳಿಯುತ್ತಿತ್ತು. ಮೊಟ್ಟೆಗಳಿದ್ದ ಕಡ್ಡಿಯ ಎತ್ತರವನ್ನು ಅದೇ ಚಿತ್ರದಲ್ಲಿ ಅಡ್ಡಗೆರೆಯಾಗಿ ಎಳೆದೆ. ಕೋಡು ಅದನ್ನು ದಾಟಿತ್ತು. ಸಂಜೆ ಹೋಗಿ ನೋಡಿದರೆ ಕಡ್ಡಿ ಇತ್ತು, ಮೊಟ್ಟೆ ಇರಲಿಲ್ಲ. ಕೊಚ್ಚಿಹೋದವೋ, ಒಡೆದು ಗೊದಮೊಟ್ಟೆಗಳು ಮೊದಲೇ ನೀರಿಗೆ ಇಳಿದಿದ್ದವೋ ಎಂದು ಗೆರೆ ಹೇಳುವುದಿಲ್ಲ. ಅದಕ್ಕೆ ದಿನವೂ ಕಡ್ಡಿಯ ಬಳಿಗೆ ಹೋಗಬೇಕು.

ಪುನರ್ವಸು. ತೋಟದಾಚೆಯ ಹಿರಿಯರು ಬಂದು ಪರದೆ ನೋಡಿದರು. "ಇಂಚಲ್ಲಿ ತೋರ್ಸಿ ಮಾರಾಯ್ರೆ, ಈ ಮಿಲಿಮೀಟರು ನಮ್ಗೆ ಅಂದಾಜಾಗೂದಿಲ್ಲ" ಎಂದರು. ಸ್ಕೇಲ್ ಎಂಬ ಫಂಕ್ಷನ್ ಆ ಕೆಲಸ ಮಾಡುತ್ತದೆ. ಮರುದಿನ ತಮ್ಮ ಮಳೆ ಪುಸ್ತಕವನ್ನೇ ತಂದುಕೊಟ್ಟರು: ದಿನಕ್ಕೊಂದು ಸಾಲು, ಅಂಚಿನಲ್ಲಿ ನಕ್ಷತ್ರದ ಹೆಸರು. ಕಾರ್ಬನ್ ಹಿಂದಿನ ತಾರೀಖಿನ ಅಂಕಿಯನ್ನೂ ತೆಗೆದುಕೊಳ್ಳುತ್ತದೆ, ಕಡತದ ಅವಧಿಯೊಳಗೆ ಇದ್ದರೆ ಆಯಿತು. ದಿನಕ್ಕೊಂದರಂತೆ 10 ವರ್ಷದ ಬೇರೆ ಕಡತ ಮಾಡಿ, ಇಂಚನ್ನು 25.4ರಿಂದ ಗುಣಿಸಿ, ಸಾಲುಸಾಲಾಗಿ ಏರಿಸುತ್ತಿದ್ದೇನೆ. ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕದವು, ವರ್ಷವೂ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ಟೈಮ್‌ಶಿಫ್ಟ್ ಎಂಬ ಇನ್ನೊಂದು ಫಂಕ್ಷನ್‌ನಲ್ಲಿ 365 ದಿನ ಹಿಂದಕ್ಕೆ ಸರಿಸಿದರೆ ಹೋದ ವರ್ಷದ ಆರಿದ್ರಾ ಈ ವರ್ಷದ್ದರ ಮೇಲೆ ಬಂದು ಕೂರುತ್ತದೆ. ಅವರ ಮಾಪಕ ಗುಡ್ಡದ ಆಚೆ ಮಗ್ಗುಲಲ್ಲಿದೆ, ಒಂದೇ ದಿನ ಎರಡೂ ಕಡೆ ಒಂದೇ ಲೆಕ್ಕ ಬರುವುದಿಲ್ಲ. ಆದ್ದರಿಂದ ಎರಡನ್ನೂ ಒಂದೇ ಹೆಸರಿನಡಿ ಸೇರಿಸಿಲ್ಲ. ಆಶ್ಲೇಷ ಮುಗಿಯುವವರೆಗೆ ಅವರು ಪುಸ್ತಕದಲ್ಲಿ ಬರೆಯುತ್ತಾರೆ, ವಾರಕ್ಕೊಮ್ಮೆ ನಾನು ಹೋಗಿ ಇಳಿಸಿಕೊಂಡು ಬರುತ್ತೇನೆ.