ಬಸ್ತಿಹಳ್ಳಿಯಿಂದ ಇಪ್ಪತ್ತನಾಲ್ಕು ಊರಿಗೆ

ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯಿಂದ ನಡೆದೇ ಹೋಗಬಹುದಾದ ದೂರದಲ್ಲಿದೆ ಬಸ್ತಿಹಳ್ಳಿ. ಒಂದೇ ಆವರಣದಲ್ಲಿ ಮೂರು ಬಸದಿ: ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಹೊಯ್ಸಳ ದಂಡನಾಯಕ ಗಂಗರಾಜನ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ನವರಂಗದ ಕಂಬಗಳು ಎಷ್ಟು ನುಣುಪೆಂದರೆ, ಮುಂದೆ ನಿಂತವರ ಮುಖ ಕಲ್ಲಿನಲ್ಲಿ ಮೂಡುತ್ತದೆ.

ಮೂರು ಬಸದಿಗಳಲ್ಲಿ ಒಂದನ್ನಷ್ಟೇ ನೋಡಲು 3 ದಾರಿ, ಎರಡನ್ನು ನೋಡಲು 3, ಮೂರನ್ನೂ ನೋಡಲು 1. ಒಟ್ಟು 7. ಜೈನರ ಸಪ್ತಭಂಗಿಯ ಏಳೂ ಇದೇ ಲೆಕ್ಕ: ಅಸ್ತಿ (ಇದೆ), ನಾಸ್ತಿ (ಇಲ್ಲ), ಅವಕ್ತವ್ಯ (ಹೇಳಲಾಗದು) ಎಂಬ ಮೂರನ್ನು ಬಿಡಿಯಾಗಿ, ಜೋಡಿಯಾಗಿ, ಒಟ್ಟಾಗಿ ಹೇಳಿದರೆ ಏಳು ಮಾತು. ಇಂಥ ಆಯ್ಕೆಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನು ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 850ರ ಸುಮಾರಿಗೇ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದ.

ಆಯ್ಕೆಯ ಜೊತೆಗೆ ಸರದಿಯೂ ಸೇರಿದರೆ ಸಂಖ್ಯೆ ಹಿಡಿತ ತಪ್ಪುತ್ತದೆ. ಹೊಯ್ಸಳ ಶಿಲ್ಪಗಳಲ್ಲಿ ಕಾಣುವ ವಿಷ್ಣುವಿನ ಕೈಗಳನ್ನೇ ನೋಡಿ. ಶಂಖ, ಚಕ್ರ, ಗದೆ, ಪದ್ಮ ನಾಲ್ಕು ಕೈಗಳಲ್ಲಿ ಅದಲುಬದಲಾದರೆ 4×3×2×1 = 24 ರೂಪ. ಕೇಶವ, ನಾರಾಯಣ, ಮಾಧವ ಎಂದು ಮೊದಲಾಗುವ ಚತುರ್ವಿಂಶತಿ ಮೂರ್ತಿಗಳು ಇವೇ. ಬೊಪ್ಪದೇವನ ಬಸದಿ ಎದ್ದ 17 ವರ್ಷಕ್ಕೆ, 1150ರಲ್ಲಿ, ಭಾಸ್ಕರಾಚಾರ್ಯ ‘ಲೀಲಾವತಿ’ಯಲ್ಲಿ ಹರಿಯ ನಾಲ್ಕು ಕೈಗಳ ಈ ಲೆಕ್ಕದ ಜೊತೆಗೇ ಶಿವನ ಹತ್ತು ಕೈಗಳ ಹತ್ತು ಆಯುಧಗಳ ಲೆಕ್ಕವನ್ನೂ ಇಟ್ಟ. ಉತ್ತರ 36,28,800. ಸೆಕೆಂಡಿಗೊಂದು ರೂಪ ನೋಡುತ್ತ ಕೂತರೆ ಸರಿಯಾಗಿ 42 ದಿನ.

ಇನ್ನು ಯಾತ್ರೆಗೆ ಹೊರಡೋಣ. ತೀರ್ಥಂಕರರು 24. ಬಸ್ತಿಹಳ್ಳಿಯಿಂದ ಹೊರಟು ಶ್ರವಣಬೆಳಗೊಳ, ಕಂಬದಹಳ್ಳಿ, ಹೊಂಬುಜ, ವೇಣೂರು, ಮೂಡುಬಿದಿರೆ, ಕಾರ್ಕಳ ಹೀಗೆ 24 ಊರುಗಳ ಬಸದಿ ನೋಡಿಕೊಂಡು ಮರಳಬೇಕು. ಯಾವ ಸರದಿಯಲ್ಲಿ ಹೋದರೆ ದಾರಿ ಕಡಿಮೆ? ಸಾಧ್ಯವಿರುವ ಸರದಿಗಳು 6,20,44,84,01,73,32,39,43,93,60,000. ಇಪ್ಪತ್ತನಾಲ್ಕು ಊರಿಗೆ ಇಪ್ಪತ್ತನಾಲ್ಕು ಅಂಕಿ! ಸೆಕೆಂಡಿಗೆ 100 ಕೋಟಿ ಸರದಿ ಪರೀಕ್ಷಿಸುವ ಕಂಪ್ಯೂಟರಿಗೂ ಸುಮಾರು 1 ಕೋಟಿ 97 ಲಕ್ಷ ವರ್ಷ ಬೇಕು. ಬಸದಿಯ ವಯಸ್ಸು ಇನ್ನೂ ಒಂಬೈನೂರು ವರ್ಷ ದಾಟಿಲ್ಲ.

ಬುದ್ಧಿಯ ಕೆಲಸ ಶುರುವಾಗುವುದು ಇಲ್ಲಿ. ಬೇಲೂರು, ಹಾಸನ, ಚನ್ನರಾಯಪಟ್ಟಣ ಮುಗಿಸಿ ಶ್ರವಣಬೆಳಗೊಳದಲ್ಲಿ ನಿಂತಿದ್ದೀರಿ ಎನ್ನಿ. ಹಿಂದಿನ ಮೂರನ್ನು ಆರು ಸರದಿಗಳಲ್ಲಿ ನೋಡಿರಬಹುದು. ಮುಂದಿನ ದಾರಿಗೆ ಅದು ಬೇಕಿಲ್ಲ. ಯಾವ ಊರುಗಳು ಮುಗಿದಿವೆ, ಈಗ ಎಲ್ಲಿದ್ದೀರಿ ಎಂಬುದಷ್ಟೇ ಸಾಕು. ಆರರಲ್ಲಿ ಅತಿ ಹತ್ತಿರದ್ದನ್ನು ಇಟ್ಟುಕೊಂಡು ಉಳಿದ ಐದನ್ನು ಬಿಟ್ಟುಬಿಡಿ. ಬಿಟ್ಟ ಪ್ರತಿಯೊಂದರ ಜೊತೆಗೆ, ಅದರಿಂದ ಮುಂದೆ ಕವಲೊಡೆಯಬೇಕಿದ್ದ ಕೋಟಿಗಟ್ಟಲೆ ಸರದಿಗಳೂ ಹೋದವು. ಪ್ರತಿ ಊರಿನಲ್ಲೂ ಹೀಗೇ ಮಾಡುತ್ತ ಹೋದರೆ ಉಳಿಯುವುದು ಸುಮಾರು 231 ಕೋಟಿ ಹೋಲಿಕೆ. ಅದೇ ವೇಗದ ಕಂಪ್ಯೂಟರಿಗೆ ಮೂರು ಸೆಕೆಂಡೂ ಬೇಡ. ಉತ್ತರ ಅಂದಾಜಿನದ್ದಲ್ಲ, ಅತಿ ಹತ್ತಿರದ ದಾರಿಯೇ. ಬೆಲ್‌ಮನ್ ಒಬ್ಬರೇ, ಹೆಲ್ಡ್ ಮತ್ತು ಕಾರ್ಪ್ ಜೊತೆಯಾಗಿ, 1962ರಲ್ಲಿ ಪ್ರಕಟಿಸಿದ ವಿಧಾನ ಇದು. ಯಂತ್ರ ಬದಲಾಗಲಿಲ್ಲ, ವೇಗ ಹೆಚ್ಚಲಿಲ್ಲ. ಎರಡು ಕೋಟಿ ವರ್ಷದ ಕೆಲಸ ಒಂದು ಉಸಿರಿಗೆ ಇಳಿಯಿತು.

ಕೃತಕ ಬುದ್ಧಿಮತ್ತೆಯ ದೊಡ್ಡ ಗೆಲುವುಗಳ ಹಿಂದೆಯೂ ಬೇಡದ್ದನ್ನು ಬಿಡುವ ಇದೇ ಗುಣವಿದೆ. ಗೋ ಆಟದ ಹಲಗೆಯ ಮೇಲೆ ಸಾಧ್ಯವಿರುವ ಸ್ಥಿತಿಗಳ ಸಂಖ್ಯೆ 171 ಅಂಕಿಯದು; ಅಷ್ಟನ್ನು ಎಣಿಸಿ ನೋಡಬಲ್ಲ ಯಂತ್ರ ಇಲ್ಲ. 2016ರಲ್ಲಿ ಗೋ ಆಟಗಾರ ಲೀ ಸೆಡೋಲ್‌ರನ್ನು 4–1ರಿಂದ ಸೋಲಿಸಿದ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಯಾವ ನಡೆಗಳನ್ನು ನೋಡುವುದೇ ಬೇಡ ಎಂಬುದನ್ನು ಕಲಿತಿತ್ತು.

ಮುಂದೆ ಬಸ್ತಿಹಳ್ಳಿಗೆ ಹೋದಾಗ ಆ ಕಂಬದ ಮುಂದೆ ಒಂದು ಗಳಿಗೆ ನಿಲ್ಲಿ. ಬೇಡದ ಕಲ್ಲನ್ನು ತೆಗೆಯುತ್ತ ಹೋದದ್ದರಿಂದಲೇ ಆ ಕಂಬ ಹೊಳೆಯುತ್ತಿದೆ. ಲೆಕ್ಕದ ಬುದ್ಧಿಯೂ ಹಾಗೆಯೇ: ಎಷ್ಟು ಎಣಿಸಬಲ್ಲೆವು ಎಂಬುದಕ್ಕಿಂತ, ಏನನ್ನು ಎಣಿಸಬೇಕಿಲ್ಲ ಎಂದು ತಿಳಿಯುವುದು ದೊಡ್ಡದು.