ಅರ್ಧನಾರೀಶ್ವರ ತತ್ತ್ವ: ಕಲೆಯಲ್ಲಿ ಮತ್ತು ಮನೆಯಲ್ಲಿ

ಬಾದಾಮಿಯ ಮೊದಲನೆಯ ಗುಹಾಲಯದಲ್ಲಿ ಚಾಲುಕ್ಯ ಶಿಲ್ಪಿಗಳು ಆರನೆಯ ಶತಮಾನದಲ್ಲಿ ಕಡೆದ ಅರ್ಧನಾರೀಶ್ವರ ಮೂರ್ತಿಯಿದೆ. ಶರೀರ ಒಂದೇ, ಬಲಭಾಗ ಶಿವ, ಎಡಭಾಗ ಪಾರ್ವತಿ. ಹೆಚ್ಚುಕಡಮೆ ಅದೇ ಕಾಲದಲ್ಲಿ ನಿರ್ಮಿತವಾದ ಘಾರಾಪುರಿಯ ಮಹಾಗುಹೆಯಲ್ಲಿಯೂ ನಂದಿಯ ಮೇಲೆ ತೋಳೂರಿ ನಿಂತ ಅರ್ಧನಾರೀಶ್ವರನ ಭವ್ಯ ಶಿಲ್ಪವನ್ನು ಕಾಣುತ್ತೇವೆ. ನಾವು ಬಿಟ್ಟುಬಂದ ನಾಡಿನಲ್ಲೊಂದು, ನಾವು ನೆಲೆನಿಂತ ಮಹಾನಗರದ ಮಗ್ಗುಲ ಕಡಲಿನಲ್ಲೊಂದು.

ಬಾದಾಮಿಯ ಶಿಲ್ಪದಲ್ಲಿ ದೇವನ ಪಕ್ಕಕ್ಕೆ ಬರಿಯ ಎಲುಬಿನ ಹಂದರವಾಗಿ ನಿಂತಿರುವ ಭೃಂಗಿ ಋಷಿಯನ್ನು ನೋಡಿದವರು ಮರೆಯಲಾರರು. ಭೃಂಗಿಗೆ ಶಿವನಲ್ಲಿ ಮಾತ್ರ ಭಕ್ತಿ. ಪಾರ್ವತಿಯನ್ನು ಬಿಟ್ಟು ಶಿವನೊಬ್ಬನಿಗೇ ಪ್ರದಕ್ಷಿಣೆ ಬರುವ ಹಟ. ಅಸ್ಥಿ ತಂದೆಯಿಂದ, ರಕ್ತಮಾಂಸ ತಾಯಿಯಿಂದ ಎಂಬುದು ಹಿಂದಿನವರ ನಂಬಿಕೆ. ಸ್ತ್ರೀಶಕ್ತಿಯನ್ನು ನಿರಾಕರಿಸಿದ್ದರಿಂದ ಅವನ ರಕ್ತಮಾಂಸಗಳು ಇಂಗಿಹೋದವು, ಎಲುಬಷ್ಟೇ ಉಳಿಯಿತು ಎಂದು ಪುರಾಣ ಹೇಳುತ್ತದೆ. ಅರ್ಧವನ್ನು ಮಾತ್ರ ಒಪ್ಪಿಕೊಂಡವನು ತನ್ನ ಅರ್ಧವನ್ನೇ ಕಳೆದುಕೊಳ್ಳುತ್ತಾನೆ ಎಂಬ ಈ ಮಾತನ್ನು ಆಧುನಿಕ ಮನಃಶಾಸ್ತ್ರ ಎಷ್ಟರ ಮಟ್ಟಿಗೆ ಒಪ್ಪುತ್ತದೆ, ನಮ್ಮ ಕಲೆಗಳು ಅದನ್ನು ಹೇಗೆ ಕಂಡಿವೆ, ಠಾಣೆ, ಡೊಂಬಿವಿಲಿ, ಕಲ್ಯಾಣ, ನವಿ ಮುಂಬಯಿಗಳ ನಮ್ಮ ಮನೆಗಳಿಗೆ ಅದರಿಂದ ಏನು ಪ್ರಯೋಜನ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಲೇಖಕನು ಮನಃಶಾಸ್ತ್ರಜ್ಞನಲ್ಲ, ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ದುಡಿಯುವವನು. ಆದುದರಿಂದ ವಿಷಯವನ್ನು ಸಾಮಾನ್ಯ ವಾಚಕನ ದೃಷ್ಟಿಯಿಂದಲೇ ನೋಡಲಾಗಿದೆ.

ಪದದ ಅರ್ಥ

ಪಾಶ್ಚಾತ್ಯರು ‘ಆಂಡ್ರೊಜಿನಿ’ ಎಂದು ಕರೆಯುವ ಪದವು ಗಂಡು ಮತ್ತು ಹೆಣ್ಣು ಎಂಬ ಅರ್ಥದ ಎರಡು ಗ್ರೀಕ್ ಶಬ್ದಗಳ ಕೂಡಿಕೆ. ಕನ್ನಡದಲ್ಲಿ ಇದನ್ನು ‘ಅರ್ಧನಾರೀತ್ವ’ ಎಂದು ಕರೆಯೋಣ. ಮನಃಶಾಸ್ತ್ರದಲ್ಲಿ ಈ ಮಾತು ಶರೀರರಚನೆಯನ್ನು ಕುರಿತದ್ದಲ್ಲ. ಧೈರ್ಯ, ನಾಯಕತ್ವ, ಸ್ವಾವಲಂಬನೆ ಮೊದಲಾದ ಗುಣಗಳನ್ನು ಸಮಾಜ ಗಂಡಿಗೆ ಹಂಚಿದೆ. ಕರುಣೆ, ಮೃದುತ್ವ, ಪರರ ನೋವನ್ನು ಅರಿಯುವ ಶಕ್ತಿ ಇವುಗಳನ್ನು ಹೆಣ್ಣಿಗೆ ಹಂಚಿದೆ. ಈ ಎರಡು ಬಗೆಯ ಗುಣಗಳೂ ಒಬ್ಬನೇ ವ್ಯಕ್ತಿಯಲ್ಲಿ ನೆಲೆಸಿ, ಸಂದರ್ಭಕ್ಕೆ ತಕ್ಕಂತೆ ಪ್ರಕಟವಾಗುವುದೇ ಅರ್ಧನಾರೀತ್ವ.

ಇಲ್ಲಿ ಒಂದು ವಿವೇಚನೆ ಅವಶ್ಯಕ. ತಾನು ಗಂಡೋ ಹೆಣ್ಣೋ ಎಂಬ ಅಂತರಂಗದ ಅರಿವು ಬೇರೆಯೇ ವಿಷಯ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವ ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಇಂಥವರ ಅಸ್ಮಿತೆಯನ್ನು ಸರ್ವೋಚ್ಚ ನ್ಯಾಯಾಲಯವು 2014ರ ತೀರ್ಪಿನಲ್ಲಿ ಮಾನ್ಯಮಾಡಿದೆ. ಅದು ವ್ಯಕ್ತಿಯ ಅಸ್ಮಿತೆಯ ಪ್ರಶ್ನೆ. ನಾವು ಚರ್ಚಿಸುತ್ತಿರುವುದು ಗುಣಗಳ ಮತ್ತು ಕೆಲಸಗಳ ಹಂಚಿಕೆಯ ಪ್ರಶ್ನೆ. ತಾನು ಗಂಡೆಂಬುದರಲ್ಲಿ ಲವಲೇಶವೂ ಸಂದೇಹವಿಲ್ಲದ ಗೃಹಸ್ಥನಿಗೂ ಇದು ಸಂಬಂಧಿಸಿದ್ದು.

ನಮ್ಮವರಿಗೆ ಇದು ಹೊಸ ವಿಚಾರವೇನೂ ಅಲ್ಲ. ದೇಹದ ಗುರುತುಗಳಿಂದ ಹೆಣ್ಣು ಗಂಡೆಂದು ಹೆಸರಿಟ್ಟರೂ ಒಳಗಿನ ಜೀವಕ್ಕೆ ಆ ಭೇದವಿಲ್ಲವೆಂಬ ಅರ್ಥದ ವಚನವನ್ನು ಜೇಡರ ದಾಸಿಮಯ್ಯ ಶತಮಾನಗಳ ಹಿಂದೆಯೇ ನುಡಿದಿದ್ದಾನೆ. ಶರಣನೇ ಸತಿ, ಲಿಂಗವೇ ಪತಿ ಎಂಬ ಭಾವದಲ್ಲಿ ಹನ್ನೆರಡನೆಯ ಶತಮಾನದ ಶರಣರು ತಮ್ಮನ್ನು ಹೆಣ್ಣೆಂದೇ ಭಾವಿಸಿಕೊಂಡರು. ಕುಮಾರವ್ಯಾಸನ ವಿರಾಟಪರ್ವದಲ್ಲಿ ಗಾಂಡೀವಧಾರಿಯಾದ ಅರ್ಜುನನೇ ಬೃಹನ್ನಳೆಯಾಗಿ ಅರಮನೆಯ ಹೆಣ್ಣುಮಕ್ಕಳಿಗೆ ನಾಟ್ಯ ಕಲಿಸುತ್ತಾನೆ. ಅದರಿಂದ ಅವನ ಪರಾಕ್ರಮಕ್ಕೆ ಕುಂದು ಬಂದಿತೆಂದು ಯಾರೂ ಹೇಳಲಿಲ್ಲ.

ಮನಃಶಾಸ್ತ್ರದ ಅಳತೆಗೋಲು

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮನಃಶಾಸ್ತ್ರಜ್ಞರು ಪುರುಷತ್ವ ಮತ್ತು ಸ್ತ್ರೀತ್ವಗಳನ್ನು ಒಂದೇ ಗೆರೆಯ ಎರಡು ತುದಿಗಳೆಂದು ಭಾವಿಸಿದ್ದರು. 1936ರಲ್ಲಿ ಅಮೆರಿಕದ ಟರ್ಮನ್ ಮತ್ತು ಮೈಲ್ಸ್ ಪ್ರಕಟಿಸಿದ ಪರೀಕ್ಷೆ ಈ ಬಗೆಯದು. ಇದರ ಪ್ರಕಾರ ಒಬ್ಬನಲ್ಲಿ ಮೃದುತ್ವ ಹೆಚ್ಚಿದಷ್ಟೂ ಪುರುಷತ್ವ ಕಡಮೆಯಾಗಬೇಕು. ತಕ್ಕಡಿಯ ಒಂದು ತಟ್ಟೆ ಏರಿದರೆ ಇನ್ನೊಂದು ಇಳಿಯಬೇಕಷ್ಟೆ.

1974ರಲ್ಲಿ ಸ್ಯಾಂಡ್ರಾ ಬೆಮ್ ಎಂಬ ವಿದುಷಿ ಈ ತಕ್ಕಡಿಯನ್ನೇ ಬದಿಗಿಟ್ಟಳು. ಆಕೆಯ ಪ್ರಶ್ನಾವಳಿಯಲ್ಲಿ 60 ಗುಣಗಳಿವೆ: ಪುರುಷೋಚಿತವೆನಿಸಿದವು 20, ಸ್ತ್ರೀಯೋಚಿತವೆನಿಸಿದವು 20, ಇಬ್ಬರಿಗೂ ಸಮಾನವಾದವು 20. ಪ್ರತಿಯೊಂದು ಗುಣವೂ ತನ್ನಲ್ಲಿ ಎಷ್ಟಿದೆಯೆಂಬುದನ್ನು ವ್ಯಕ್ತಿಯು 1ರಿಂದ 7ರವರೆಗಿನ ಅಂಕದಿಂದ ಸೂಚಿಸಬೇಕು. ಇಲ್ಲಿಯ ಹೊಸತನವೆಂದರೆ ಎರಡು ಗುಣಸಮೂಹಗಳನ್ನೂ ಬೇರೆ ಬೇರೆಯಾಗಿ ಎಣಿಸುವುದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಒಬ್ಬನೇ ಗ್ರಾಹಕನಿಗೆ ಎರಡು ಖಾತೆಗಳು. ಎರಡರಲ್ಲಿಯೂ ಠೇವಣಿ ತುಂಬಿರಬಹುದು, ಎರಡೂ ಬರಿದಾಗಿರಲೂಬಹುದು.

ಬೆಮ್ ಮತ್ತು ಲೆನ್ನಿ 1976ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಂತೂ ಲೆಕ್ಕಪತ್ರದವರಿಗೆ ಬಹಳ ಸ್ವಾರಸ್ಯವೆನಿಸುತ್ತದೆ. ಹಲಗೆಗೆ ಮೊಳೆ ಹೊಡೆಯುವುದು, ಮಗುವಿನ ಹಾಲಿನ ಸೀಸೆ ಸಿದ್ಧಪಡಿಸುವುದು ಮುಂತಾದ ಚಿಕ್ಕಪುಟ್ಟ ಕೆಲಸಗಳನ್ನು ಜೋಡಿಜೋಡಿಯಾಗಿ ಮುಂದಿಟ್ಟು, ಒಂದನ್ನು ಆರಿಸಿಕೊಳ್ಳಲು ಹೇಳಲಾಯಿತು. ಪ್ರತಿ ಕೆಲಸಕ್ಕೂ ಸಂಭಾವನೆಯುಂಟು. ಪುರುಷತ್ವಕ್ಕೆ ಅಥವಾ ಸ್ತ್ರೀತ್ವಕ್ಕೆ ಬಲವಾಗಿ ಅಂಟಿಕೊಂಡವರು, ಸಂಭಾವನೆ ಕಡಮೆಯಾದರೂ ಸರಿ, ‘ತಮಗೆ ತಕ್ಕ’ ಕೆಲಸವನ್ನೇ ಹೆಚ್ಚಾಗಿ ಆರಿಸಿಕೊಂಡರು. ಅರ್ಥಾತ್ ರೂಢಿಯ ರಕ್ಷಣೆಗಾಗಿ ಕೈಯಿಂದ ಹಣ ತೆತ್ತರು! ಎರಡೂ ಗುಣಗಳಿದ್ದವರಿಗೆ ಈ ನಷ್ಟ ಅಷ್ಟಾಗಿ ತಟ್ಟಲಿಲ್ಲ.

ಈ ಸಿದ್ಧಾಂತಕ್ಕೂ ಮಿತಿಗಳಿವೆ. ಪಟ್ಟಿಯಲ್ಲಿರುವುದು ಅಂದಿನ ಅಮೆರಿಕದ ವಿದ್ಯಾರ್ಥಿಗಳು ಗಂಡಿಗೆ, ಹೆಣ್ಣಿಗೆ ಒಪ್ಪುವುದೆಂದು ಗುರುತಿಸಿದ ಗುಣಗಳು. ಆತ್ಮವಿಶ್ವಾಸದ ಮಟ್ಟಿಗೆ ‘ಪುರುಷೋಚಿತ’ ಗುಣಗಳ ಪಾಲೇ ಹೆಚ್ಚೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಗುಣಗಳಿಗೆ ಗಂಡು ಹೆಣ್ಣೆಂಬ ಚೀಟಿ ಅಂಟಿಸುವ ಸಮಾಜದ ಅಭ್ಯಾಸವನ್ನೇ ಪ್ರಶ್ನಿಸಬೇಕೆಂದು ಸ್ವತಃ ಬೆಮ್ ಆಮೇಲೆ ವಾದಿಸಿದಳು. 2005ರಲ್ಲಿ ಜಾನೆಟ್ ಹೈಡ್ 46 ಸಮೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸ್ತ್ರೀಪುರುಷರ ಮನೋಧರ್ಮ ಮತ್ತು ಸಾಮರ್ಥ್ಯಗಳಲ್ಲಿ ಅಳೆದ ವ್ಯತ್ಯಾಸಗಳ ಪೈಕಿ ಶೇಕಡಾ 78ರಷ್ಟು ಅತ್ಯಲ್ಪ ಅಥವಾ ಶೂನ್ಯಕ್ಕೆ ಸಮೀಪವಾಗಿದ್ದವು. ನಾವು ಪ್ರಕೃತಿಯೆಂದು ತಿಳಿದಿರುವುದರಲ್ಲಿ ಬಹುಭಾಗ ರೂಢಿಯೇ ಎಂದಾಯಿತು.

ರಂಗಭೂಮಿಯ ಸಾಕ್ಷ್ಯ

ಗಂಡುತನ, ಹೆಣ್ತನಗಳ ನಡೆನುಡಿ ಕಲಿತು ಬರುವಂಥದು ಎಂಬುದಕ್ಕೆ ರಂಗಭೂಮಿಗಿಂತ ಮಿಗಿಲಾದ ಸಾಕ್ಷಿ ಬೇಕಿಲ್ಲ. ಈ ಸಾಕ್ಷಿ ನಮ್ಮ ನೆರೆಹೊರೆಯಲ್ಲೇ ಇದೆ. ವಾಶಿಯ ನಾಟ್ಯಗೃಹಕ್ಕೆ ವಿಷ್ಣುದಾಸ ಭಾವೆಯವರ ಹೆಸರಿದೆ. 1842ರಲ್ಲಿ ಕನ್ನಡ ಭಾಗವತ ಮೇಳವೊಂದು ಸಾಂಗಲಿಯಲ್ಲಿ ಆಟವಾಡಿತು. ಅದನ್ನು ಮೆಚ್ಚಿದ ಅಲ್ಲಿಯ ಸಂಸ್ಥಾನಿಕರು ಮರಾಠಿಯಲ್ಲಿಯೂ ಅಂಥದೊಂದನ್ನು ರಚಿಸುವಂತೆ ಭಾವೆಯವರಿಗೆ ಆಜ್ಞಾಪಿಸಿದರು. ಮರುವರ್ಷ ‘ಸೀತಾಸ್ವಯಂವರ’ ರಂಗವೇರಿತು. ಮರಾಠಿ ನಾಟಕದ ಉಗಮದಲ್ಲಿ ಕನ್ನಡದ ಪಾಲಿದೆ ಎಂಬುದು ಇಲ್ಲಿ ನೆಲೆಸಿದ ನಮಗೆಲ್ಲ ಹೆಮ್ಮೆಯ ಸಂಗತಿ. ಆ ಕಾಲದ ಎರಡೂ ರಂಗಗಳಲ್ಲಿ ಸ್ತ್ರೀಪಾತ್ರ ವಹಿಸುತ್ತಿದ್ದವರು ಪುರುಷರೇ.

ಠಾಣೆಯ ಗಡಕರಿ ರಂಗಾಯತನಕ್ಕೆ ನಾಟಕಕಾರ ರಾಮ ಗಣೇಶ ಗಡಕರಿಯವರ ಹೆಸರು. ಅವರ ‘ಏಕಚ ಪ್ಯಾಲಾ’ ನಾಟಕದಲ್ಲಿ ಕುಡುಕ ಗಂಡನ ಸಾಧ್ವಿ ಪತ್ನಿ ಸಿಂಧುವಾಗಿ ಪ್ರೇಕ್ಷಕರನ್ನು ಕಣ್ಣೀರಿನಲ್ಲಿ ಮುಳುಗಿಸಿದವರು ಬಾಲಗಂಧರ್ವರು (1888–1967). ಅವರು ರಂಗದ ಮೇಲೆ ಸೀರೆ ಉಟ್ಟ ರೀತಿಯನ್ನು, ಹೂ ಮುಡಿದ ಬಗೆಯನ್ನು ಕುಲೀನ ಮನೆತನದ ಹೆಂಗಸರು ಅನುಕರಿಸಿದರು. ಹೆಣ್ಣಿನಿಂದ ಗಂಡು ಕಲಿತು, ಆ ಗಂಡಿನಿಂದ ಮತ್ತೆ ಹೆಣ್ಣು ಕಲಿತ ಸೋಜಿಗವಿದು. 1964ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು.

ನಮ್ಮ ಯಕ್ಷಗಾನದಲ್ಲಿ ಸ್ತ್ರೀವೇಷವು ಒಂದು ಪ್ರತ್ಯೇಕ ಸಾಧನೆಯೇ ಸರಿ. ತೆಂಕುತಿಟ್ಟಿನ ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀಪಾತ್ರಗಳನ್ನು ಕಂಡ ಹಿರಿಯರು ಈ ಸಂಚಿಕೆಯ ವಾಚಕರಲ್ಲಿಯೂ ಇರಬಹುದು. ಸ್ತ್ರೀರಾಜ್ಯದ ಪ್ರಮೀಳೆಯಂಥ ‘ಕಸೆ ಸ್ತ್ರೀವೇಷ’ದಲ್ಲಂತೂ ಗಂಡಸು ಹೆಣ್ಣಾಗಬೇಕು, ಆ ಹೆಣ್ಣು ವೀರನಂತೆ ಹೋರಾಡಬೇಕು. ಇನ್ನೊಂದು ಕಡೆಯಿಂದ ನೋಡಿದರೆ, ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಮಹಿಳೆಯರದೇ ಆದ ನಾಟಕ ಮಂಡಳಿ ಕಟ್ಟಿ, ಕಂಸನಂಥ ಗಂಡುಪಾತ್ರಗಳಲ್ಲಿ ಗರ್ಜಿಸಿದರು. 2012ರಲ್ಲಿ ಪದ್ಮಶ್ರೀ ಪಡೆದರು.

ಆದರೆ ಇಲ್ಲೊಂದು ಕೊರತೆಯನ್ನು ಗಮನಿಸಬೇಕು. ರಾತ್ರಿಯಿಡೀ ದಮಯಂತಿಯಾಗಿ ಅತ್ತ ಕಲಾವಿದನ ಕಣ್ಣೀರನ್ನು ನಾವು ಮೆಚ್ಚಿದೆವು. ಬೆಳಗ್ಗೆ ಚೌಕಿಯಲ್ಲಿ ಬಣ್ಣ ತೆಗೆದ ಮೇಲೆ ಅದೇ ಗಂಡಸು ಅತ್ತರೆ ಒಪ್ಪಲಿಲ್ಲ. ರಂಗದಲ್ಲಿ ಕೊಟ್ಟ ಸ್ವಾತಂತ್ರ್ಯವನ್ನು ಮನೆಯಲ್ಲಿ ಕೊಡಲಿಲ್ಲ.

ನಮ್ಮ ಮನೆಗಳ ಲೆಕ್ಕ

ಮುಂಬಯಿಗೆ ಬಂದ ನಮ್ಮ ಹಿರಿಯರಲ್ಲಿ ಅನೇಕರು ಹೋಟೆಲುಗಳ ಒಲೆಯ ಮುಂದೆ ಬದುಕು ಕಟ್ಟಿಕೊಂಡವರು. ಇನ್ನು ಹಲವರು ನಾಲ್ಕಾರು ಮಂದಿ ಒಂದೇ ಖೋಲಿಯಲ್ಲಿ ಕೂಡಿ, ಅನ್ನ ಸಾರು ಬೇಯಿಸಿ, ಬಟ್ಟೆ ಒಗೆದು, ಕಾಯಿಲೆ ಬಿದ್ದ ಗೆಳೆಯನಿಗೆ ಗಂಜಿ ಕಾಯಿಸಿ ಕೊಟ್ಟವರು. ಅಡಿಗೆಯಾಗಲಿ ಆರೈಕೆಯಾಗಲಿ ಗಂಡಸಿಗೆ ಬಾರದ ವಿದ್ಯೆಯೇನೂ ಅಲ್ಲ. ಆದರೆ ಮದುವೆಯಾಗಿ ಡೊಂಬಿವಿಲಿಯಲ್ಲೋ ಕಲ್ಯಾಣದಲ್ಲೋ ಮನೆ ಮಾಡಿದ ಮರುದಿನವೇ ಆ ವಿದ್ಯೆ ಮರೆತುಹೋಗುವುದು ಆಶ್ಚರ್ಯ! ಸಂಬಳವಿದ್ದಲ್ಲಿ ಸೌಟು ಗಂಡಸಿನದು, ಸಂಬಳವಿಲ್ಲದಲ್ಲಿ ಹೆಂಗಸಿನದು ಎಂಬುದೇ ಇದರ ತಾತ್ಪರ್ಯವೆ?

ಹೆಂಗಸರಾದರೋ ತಮ್ಮ ಗೆರೆ ದಾಟಿ ಬಹುದೂರ ಬಂದಿದ್ದಾರೆ. 1980ರ ದಶಕದ ಕೊನೆಯಲ್ಲಿ ಮಧ್ಯ ರೈಲ್ವೆಯಲ್ಲಿ ಸಹಾಯಕ ಚಾಲಕಿಯಾಗಿ ಸೇರಿದ ಸುರೇಖಾ ಯಾದವ ಅವರು 2023ರ ಮಾರ್ಚ್‌ನಲ್ಲಿ ಸೊಲ್ಲಾಪುರದಿಂದ ಮುಂಬಯಿಗೆ ವಂದೇ ಭಾರತ್ ರೈಲನ್ನು ನಡೆಸಿ ತಂದರು. ಆದರೆ ಸಂಜೆಯ ಲೋಕಲಿನ ಮಹಿಳಾ ಡಬ್ಬಿಯಲ್ಲಿ, ಕಚೇರಿ ಮುಗಿಸಿ ಮರಳುವಾಗಲೇ ಮಡಿಲಲ್ಲಿ ತರಕಾರಿ ಸೋಸುತ್ತ ಕುಳಿತ ಸೋದರಿಯರನ್ನು ಕಾಣದವರಾರು? ಕೇಂದ್ರ ಸರ್ಕಾರದ ಸಮಯಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಮಹಿಳೆಯರು ದಿನಕ್ಕೆ ಸರಾಸರಿ 2019ರಲ್ಲಿ 299 ನಿಮಿಷ, 2024ರಲ್ಲಿ 289 ನಿಮಿಷ ದುಡಿದರು. ಪುರುಷರ ಲೆಕ್ಕ 97 ನಿಮಿಷದಿಂದ 88ಕ್ಕೆ ಇಳಿಯಿತು. ಹೆಂಗಸರ ಹೊರೆ ಹತ್ತು ನಿಮಿಷ ತಗ್ಗಿತು ನಿಜ. ಆದರೆ ಅದನ್ನು ಗಂಡಸರು ಹೊತ್ತುಕೊಂಡರೆಂದು ಹೇಳುವಂತಿಲ್ಲ.

ಈ ಹಂಚಿಕೆಯ ಕಷ್ಟ ಇಬ್ಬರಿಗೂ ಇದೆ. ಬ್ಯಾಂಕಿನ ಮೇಜಿನ ಈಚೆ ಕುಳಿತವರಿಗೆ ಅದು ಸ್ಪಷ್ಟವಾಗಿ ಕಾಣುತ್ತದೆ. ಪತಿ ತೀರಿಕೊಂಡ ಮೇಲೆ ಪಾಸುಪುಸ್ತಕಗಳ ಕಟ್ಟನ್ನು ಸೆರಗಿನಲ್ಲಿ ಹಿಡಿದು ಬರುವ ತಾಯಂದಿರಿದ್ದಾರೆ. ಯಾವ ಠೇವಣಿ ಎಲ್ಲಿದೆ, ನಾಮನಿರ್ದೇಶನ ಯಾರ ಹೆಸರಿಗಿದೆ ಎಂಬುದು ಅವರಿಗೆ ತಿಳಿಯದು. ‘ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು’ ಎಂಬುದೊಂದೇ ಉತ್ತರ. ಪತ್ನಿಯನ್ನು ಕಳೆದುಕೊಂಡ ಹಿರಿಯರ ಸ್ಥಿತಿಯೂ ಕರುಣಾಜನಕವೇ. ಲಕ್ಷಗಟ್ಟಲೆ ರೂಪಾಯಿಯ ವ್ಯವಹಾರ ಮಾಡಿದವರಿಗೆ ಒಂದು ಲೋಟ ಚಹಾ ಕಾಯಿಸಿಕೊಳ್ಳಲು ಬಾರದು. ರಕ್ತದೊತ್ತಡದ ಗುಳಿಗೆ ಎಲ್ಲಿದೆಯೆಂದು ತಿಳಿಯದು. ಮನಸ್ಸಿನ ದುಃಖವನ್ನು ಹೇಳಿಕೊಳ್ಳುವ ಅಭ್ಯಾಸವಂತೂ ಮೊದಲೇ ಇಲ್ಲ.

ವೈದ್ಯಕೀಯ ಮನಃಶಾಸ್ತ್ರವೂ ಇದನ್ನೇ ಎಚ್ಚರಿಸುತ್ತದೆ. ಅಮೆರಿಕದ ವಿಕಿ ಹೆಲ್ಗೆಸನ್ ಅವರ ಅಧ್ಯಯನಗಳ ಸಾರಾಂಶ ಹೀಗಿದೆ: ಸ್ವಾವಲಂಬನೆ ಒಳ್ಳೆಯದು, ಪರರ ಚಿಂತೆಯೂ ಒಳ್ಳೆಯದು, ಆದರೆ ಒಂದರ ಹಂಗಿಲ್ಲದೆ ಇನ್ನೊಂದು ಅತಿಯಾದಾಗ ಆರೋಗ್ಯಕ್ಕೆ ಹಾನಿ. ತನ್ನನ್ನೇ ನೆಚ್ಚಿ ಯಾರ ಸಹಾಯವನ್ನೂ ಕೇಳದವನು ಕಾಯಿಲೆಯನ್ನು ಬಚ್ಚಿಡುತ್ತಾನೆ. ಎಲ್ಲರನ್ನೂ ನೋಡಿಕೊಂಡು ತನ್ನನ್ನು ಮರೆತವಳು ಖಿನ್ನಳಾಗುತ್ತಾಳೆ. ನಮ್ಮ ದೇಶದಲ್ಲಿ 2021ರಲ್ಲಿ ಆತ್ಮಹತ್ಯೆ ಮಾಡಿಕೊಂಡ 1,64,033 ಜನರಲ್ಲಿ ಶೇಕಡಾ 72ಕ್ಕೂ ಹೆಚ್ಚು ಮಂದಿ ಪುರುಷರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ತಿಳಿಸಿದೆ. ಇದಕ್ಕೆ ಕಾರಣಗಳು ಹಲವು. ಆದರೆ ‘ಗಂಡಸಾಗಿ ಅಳುವುದೆ?’ ಎಂದು ಬಾಲ್ಯದಿಂದಲೂ ಹೇಳಿಸಿಕೊಂಡವನು ತನ್ನ ಸಂಕಟವನ್ನು ಯಾರ ಮುಂದೆ ತೋಡಿಕೊಂಡಾನು? ಭೃಂಗಿಯ ಎಲುಬಿನ ಹಂದರ ಬಾದಾಮಿಯ ಬಂಡೆಯಲ್ಲಿ ಮಾತ್ರ ಇಲ್ಲ.

ನಾವು ಮಾಡಬಹುದಾದುದು

ಇದಕ್ಕೆ ದೊಡ್ಡ ಕ್ರಾಂತಿಯೇನೂ ಬೇಕಾಗಿಲ್ಲ. ಗಂಡುಮಗುವಿಗೆ ಅನ್ನ ಬೇಯಿಸಲು, ಗುಂಡಿ ಹೊಲಿಯಲು, ರೋಗಿಯ ಪಕ್ಕದಲ್ಲಿ ಕುಳಿತುಕೊಳ್ಳಲು ಕಲಿಸೋಣ. ಹೆಣ್ಣುಮಗುವಿಗೆ ಚೆಕ್ಕು ಬರೆಯಲು, ಫ್ಯೂಸು ಹಾಕಲು, ಬೇಡವಾದುದನ್ನು ಬೇಡವೆನ್ನಲು ಕಲಿಸೋಣ. ಪತಿಪತ್ನಿಯರು ವರ್ಷಕ್ಕೊಮ್ಮೆಯಾದರೂ ಜೊತೆಯಲ್ಲಿ ಕುಳಿತು ಠೇವಣಿ, ವಿಮೆ, ನಾಮನಿರ್ದೇಶನಗಳ ಪಟ್ಟಿ ಮಾಡಲಿ; ಅಂದು ಅಡಿಗೆಯನ್ನೂ ಜೊತೆಯಲ್ಲಿಯೇ ಮಾಡಲಿ. ಸಂಘದ ಸಮಾರಂಭಗಳಲ್ಲಿ ಊಟ ಬಡಿಸುವುದು ಮಹಿಳಾ ವಿಭಾಗಕ್ಕೆ, ಭಾಷಣವೆಲ್ಲ ಪುರುಷರಿಗೆ ಎಂಬ ಪದ್ಧತಿ ಎಲ್ಲಿದೆಯೋ ಅಲ್ಲಿ ಒಂದು ವರ್ಷ ಅದನ್ನು ತಿರುವುಮುರುವು ಮಾಡಿ ನೋಡಬಹುದು. ಮನಸ್ಸು ಭಾರವಾದವರು, ಅವರು ಗಂಡಸರೇ ಆಗಿರಲಿ ಹೆಂಗಸರೇ ಆಗಿರಲಿ, ಸಂಕೋಚವಿಲ್ಲದೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಗೆ (14416) ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಬಾಳಿನಲ್ಲಿ ಯಾರಿಗೆ ಯಾವ ಪಾತ್ರ ಯಾವಾಗ ಬಂದೀತೆಂದು ಹೇಳಲಾಗದು. ಒಂದು ದಿನ ಗಂಡನೇ ತಾಯಿಯಾಗಬೇಕಾದೀತು, ಹೆಂಡತಿಯೇ ಯಜಮಾನಿಯಾಗಬೇಕಾದೀತು. ಆ ದಿನ ಬರುವ ಮೊದಲೇ ಎರಡು ಪಾತ್ರಗಳನ್ನೂ ಅಭ್ಯಾಸ ಮಾಡಿಟ್ಟುಕೊಂಡ ಮನೆಯಲ್ಲಿ ದುಃಖ ಬಂದರೂ ದಿಕ್ಕೆಡುವ ಪ್ರಸಂಗ ಬಾರದು.